ಅಪ್ರದಕ್ಷಿಣೆ ನಿಷೇಧಿಸಲಾಗಿದೆ

ಬೆಂಗಳೂರಿನ ಒಂದು ಪಾರ್ಕಿನ ನಿಯಮಗಳ ಬೋರ್ಡಿನ ಫೋಟೋ ನಿಮ್ಮ ಮೊಬೈಲಿಗೂ ಬಂದೇ ಬಂದಿರುತ್ತದೆ. ಜಾಗಿಂಗ್ ಮಾಡಬಾರದು, ಅಪ್ರದಕ್ಷಿಣವಾಗಿ ನಡೆಯಬಾರದು. ಓದಿದವರೆಲ್ಲ ನಕ್ಕು ಇನ್ನೊಬ್ಬರಿಗೆ ಕಳಿಸಿದರು. ನಾನು ಚಪ್ಪಲಿ ಬಿಟ್ಟು ಕೈಮುಗಿದೆ. ಪಾರ್ಕನ್ನು ದೇವಸ್ಥಾನದ ಮಟ್ಟಕ್ಕೆ ಏರಿಸಿದ ಪುಣ್ಯಾತ್ಮರು ಯಾರೋ, ಅವರ ಹೊಟ್ಟೆ ತಣ್ಣಗಿರಲಿ.

ಕೆಲವೇ ದಿನಗಳಲ್ಲಿ ನಮ್ಮ ಬಡಾವಣೆಯ ಪಾರ್ಕಿಗೂ ಅಂಥದೇ ಬೋರ್ಡು ಬಂತು. ನನಗಿದ್ದದ್ದು ಒಂದೇ ಅನುಮಾನ: ಪ್ರದಕ್ಷಿಣೆ ಸರಿ, ಗರ್ಭಗುಡಿ ಎಲ್ಲಿ? ನಟ್ಟನಡುವೆ ಇರುವುದು ಬೋರ್‌ವೆಲ್ ಪಂಪಿನ ಕೋಣೆ. ಯಾವಾಗಲೂ ಬೀಗ. ಅದನ್ನೇ ದಿನಾ ಎಂಟು ಸುತ್ತು ಬರುತ್ತಿದ್ದೇನೆ. ಸಕ್ಕರೆ ಇಳಿಯುವ ವರ ಇನ್ನೂ ಸಿಕ್ಕಿಲ್ಲ.

ಈ ನಿಯಮಕ್ಕೆ ಸರಿಹೊಂದುವವನು ಗಣಪತಿ ಒಬ್ಬನೇ. ಅಪ್ಪ ಅಮ್ಮನನ್ನು ನಿಧಾನವಾಗಿ, ಬಲಕ್ಕಿಟ್ಟುಕೊಂಡೇ ಸುತ್ತು ಬಂದವನು. ಅವನನ್ನೂ ಗೇಟಿನಲ್ಲಿ ನಿಲ್ಲಿಸಿ ಇಲಿಯನ್ನು ಹೊರಗೆ ಬಿಡಿಸುತ್ತಾರೆ, ಸಾಕುಪ್ರಾಣಿಗಳಿಗೆ ಪ್ರವೇಶವಿಲ್ಲವಲ್ಲ. ಪಾಪ, ಷಣ್ಮುಖನದು ಇನ್ನೂ ಕಷ್ಟ. ನವಿಲು ಬೇರೆ, ಅವಸರ ಬೇರೆ.

ಬೋರ್ಡಿನಲ್ಲಿ ಉಳಿದ ನಿಯಮಗಳೂ ಇವೆ. ಹುಲ್ಲಿನ ಮೇಲೆ ಕಾಲಿಡಬಾರದು, ಚೆಂಡು ತರಬಾರದು, ಬೆಂಚಿನ ಮೇಲೆ ಮಲಗಬಾರದು. ಬೆಳಿಗ್ಗೆ ಹತ್ತಕ್ಕೆ ಮಹಾಮಂಗಳಾರತಿ ಮುಗಿದಂತೆ ಬಾಗಿಲು ಹಾಕುತ್ತಾರೆ. ಸರ್ಕಾರಿ ಭಾಷೆಯಲ್ಲಿ ಇದಕ್ಕೆ 'ತೆರೆದ ಪ್ರದೇಶ' ಎನ್ನುತ್ತಾರೆ.

ಕಾನೂನು ಇಲ್ಲವೆಂದಲ್ಲ, ಬೇಕಾದಷ್ಟಿದೆ. ಬಿಡಿಎ, ಅಂದರೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ, ಬಡಾವಣೆ ಮಾಡಿದರೆ ಶೇ. 15ಕ್ಕೆ ಕಡಿಮೆಯಿಲ್ಲದಷ್ಟು ಜಾಗವನ್ನು ಪಾರ್ಕು, ಆಟದ ಮೈದಾನಗಳಿಗೆ ಬಿಡಬೇಕು. ಅದರ ಮೇಲೆ ಇನ್ನೂ ಶೇ. 10 ನಾಗರಿಕ ಸೌಕರ್ಯಕ್ಕೆ, ಅಂದರೆ ನಾವು ನೀವು ಸಿಎ ಸೈಟು ಎನ್ನುವುದು. ಇದು ಸಾಲದೆಂದು ಪಾರ್ಕು, ಮೈದಾನ, ತೆರೆದ ಜಾಗ ಕಾಪಾಡುವುದಕ್ಕೇ 1985ರಲ್ಲಿ ಒಂದು ಪ್ರತ್ಯೇಕ ಕಾಯ್ದೆ ಬಂತು. ಆ ಕಾಯ್ದೆ ಬರುವ ಮೊದಲೇ ಸದಾಶಿವನಗರದ ಕಡೆ ಪಾರ್ಕಿಗೆಂದು ಬಿಟ್ಟಿದ್ದ ಜಾಗ ಖಾಸಗಿ ನರ್ಸಿಂಗ್ ಹೋಮಿಗೆ ಮಂಜೂರಾಗಿತ್ತು. ಅಲ್ಲಿನ ನಿವಾಸಿಗಳು ಕೋರ್ಟು ಹತ್ತಿದರು. ಪಾರ್ಕಿನ ಜಾಗ ಪಾರ್ಕಿಗೇ ಎಂಬಷ್ಟು ಮಾತನ್ನು ಹೇಳಿಸಲು ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು, 1991ರಲ್ಲಿ. ಎಲ್ಲ ಬಡಾವಣೆಗೂ ದೆಹಲಿಗೆ ಹೋಗುವಷ್ಟು ಜೀವ ಎಲ್ಲಿರುತ್ತದೆ?

ಇಷ್ಟಕ್ಕೂ ಜಾಗವನ್ನು 'ಸದುಪಯೋಗ' ಮಾಡುವುದರಲ್ಲಿ ನಮ್ಮೂರನ್ನು ಮೀರಿಸುವವರಿಲ್ಲ. ಧರ್ಮಾಂಬುಧಿ ಕೆರೆಯಲ್ಲಿ ಈಗ ಬಸ್ಸುಗಳು ತೇಲುತ್ತವೆ, ಮೆಜೆಸ್ಟಿಕ್ ಎನ್ನುತ್ತೇವೆ. ಸಂಪಂಗಿ ಕೆರೆಯಲ್ಲಿ ಕಂಠೀರವ ಸ್ಟೇಡಿಯಂ ಎದ್ದಿದೆ. ಚಲ್ಲಘಟ್ಟ ಕೆರೆಗೆ ಗಾಲ್ಫ್ ಚೆಂಡು ಬೀಳುತ್ತದೆ. ಮಣ್ಣು ಹೊತ್ತು ಆ ಕೆರೆಗಳಿಗೆ ಇಳಿದ ಲಾರಿಗಳು ಎಡದಿಂದ ಬಂದವೋ ಬಲದಿಂದ ಬಂದವೋ ಯಾರೂ ನೋಡಲಿಲ್ಲ. ಸೀಟಿ ಊದಲು ಒಬ್ಬನೂ ಇರಲಿಲ್ಲ.

ಈಗ ಪ್ರತಿ ಪಾರ್ಕಿಗೂ ಒಬ್ಬ ಸೀಟಿಯವನಿದ್ದಾನೆ. ಅವನು ಊದುವುದು ಮಕ್ಕಳಿಗೆ.

ನಿಜ ಹೇಳಬೇಕೆಂದರೆ ಇಲ್ಲಿಂದ ಮುಂದೆ ನನಗೆ ನಗು ಬರುವುದಿಲ್ಲ. ನಮ್ಮ ಬೀದಿಯ ಹುಡುಗರು ಆಡುವುದು ನಿಂತ ಕಾರುಗಳ ನಡುವಿನ ಹನ್ನೆರಡು ಅಡಿಯಲ್ಲಿ. ಆಟೋ ಬಂದಾಗಲೆಲ್ಲ ಆಟ ನಿಲ್ಲಿಸಿ ಗೋಡೆಗೆ ಅಂಟಿಕೊಳ್ಳುತ್ತಾರೆ. ಪಕ್ಕದಲ್ಲೇ, ತಂತಿಬೇಲಿಯ ಆಚೆ, ಯಾರೂ ತುಳಿಯದ ಹುಲ್ಲು ಹಸಿರಾಗಿ ನಿಂತಿದೆ. ಯಾರಿಗಾಗಿ ಬೆಳೆಸುತ್ತಿದ್ದೇವೆ ಅದನ್ನು? ಮೇಯಲು ದನವನ್ನಾದರೂ ಬಿಡುತ್ತಾರೆಯೇ? ಅದೂ ಇಲ್ಲ. ಇದೇ ಬೇಲಿ ಹಾಕಿಸಿದವರು ಪಾರ್ಕಿನ ಮೂಲೆಯಲ್ಲಿ ತಮ್ಮ ಸಂಘಕ್ಕೊಂದು ಕೋಣೆ ಕಟ್ಟಿಸಿಕೊಂಡಿದ್ದಾರೆ. ಆ ಸಿಮೆಂಟಿಗೆ ಯಾವ ಬೋರ್ಡಿನಲ್ಲೂ 'ಬಾರದು' ಇಲ್ಲ.

ಮೊನ್ನೆ ಸಂಜೆ ಚೆಂಡು ಬೇಲಿ ಹಾರಿ ಒಳಗೆ ಬಿತ್ತು. ಐದನೇ ಕ್ಲಾಸಿನ ಹುಡುಗ ಗೇಟಿನಲ್ಲಿ ಒಳಬಂದ. ಚೆಂಡು ಬಲಕ್ಕೆ ಮೂರೇ ಹೆಜ್ಜೆ ದೂರದಲ್ಲಿತ್ತು. ಸೀಟಿ ಕೂಗಿತು.

"ಏಯ್, ಆ ಕಡೆಯಿಂದ ಹೋಗಬಾರದು ಕಣೋ. ಈ ಕಡೆಯಿಂದ ಸುತ್ತಿಕೊಂಡು ಬಾ."

"ಅಂಕಲ್, ಓಡಿ ಹೋಗಿ ತರ್ಲಾ?"

"ಓಡಬಾರದು."

ಹುಡುಗ ಪಂಪಿನ ಕೋಣೆಗೆ ಒಂದು ಪೂರ್ತಿ ಪ್ರದಕ್ಷಿಣೆ ಹಾಕಿ, ಚೆಂಡು ಎತ್ತಿಕೊಂಡು ಬಂದ. ಅಷ್ಟರಲ್ಲಿ ಬೀದಿಯಲ್ಲಿ ಕತ್ತಲಾಗಿತ್ತು, ಉಳಿದವರು ಮನೆಗೆ ಹೋಗಿದ್ದರು.