‘ಹೆಂಗಸರ ವಯಾಗ್ರ’ ವಯಾಗ್ರ ಅಲ್ಲ

‘ಹೆಂಗಸರಿಗೂ ವಯಾಗ್ರ ಬಂದಿದೆ, ಗುಲಾಬಿ ಮಾತ್ರೆ, ಒಂದು ಗಂಟೆ ಮೊದಲು ನುಂಗಿದರೆ ಸಾಕು’ ಎಂಬ ಸಂದೇಶ ಮೊಬೈಲಿನಿಂದ ಮೊಬೈಲಿಗೆ ಹಾರುತ್ತಿದೆ. ಗುಲಾಬಿ ಮಾತ್ರೆ ಇರುವುದು ನಿಜ; ಉಳಿದದ್ದು ತಪ್ಪು.

ಅದರ ಹೆಸರು ಫ್ಲಿಬಾನ್ಸೆರಿನ್. ಮೊದಲು ಖಿನ್ನತೆಗೆಂದು ತಯಾರಾದದ್ದು, ಆ ಕೆಲಸಕ್ಕೆ ಬರಲಿಲ್ಲ. 2015ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದನ್ನು ಒಪ್ಪಿದ್ದು, ಮುಟ್ಟು ಇನ್ನೂ ನಿಲ್ಲದ ಮಹಿಳೆಯರಲ್ಲಿ ಕಾಮಾಸಕ್ತಿ ಕುಗ್ಗಿ, ಅದರಿಂದ ಅವರಿಗೇ ಸಂಕಟವಾಗುತ್ತಿದ್ದರೆ ಕೊಡಲು. ಆಸಕ್ತಿ ಕಡಿಮೆಯಿದ್ದೂ ಆಕೆಗೆ ಚಿಂತೆಯಿಲ್ಲ ಎಂದರೆ ಅದು ಕಾಯಿಲೆಯೇ ಅಲ್ಲ. ಚಿಂತೆ ಗಂಡನಿಗೆ ಮಾತ್ರ ಇದ್ದರೆ ಮಾತ್ರೆ ಆಕೆಗೇಕೆ?

ವಯಾಗ್ರ ಜನನಾಂಗದ ರಕ್ತಸಂಚಾರ ಹೆಚ್ಚಿಸುತ್ತದೆ. ಫ್ಲಿಬಾನ್ಸೆರಿನ್ ಕೆಲಸ ಮಾಡುವುದು ಮಿದುಳಿನಲ್ಲಿ, ಸೆರೊಟೋನಿನ್ ಎಂಬ ರಾಸಾಯನಿಕದ ಸಂಕೇತ ಹಿಡಿಯುವ ಗ್ರಾಹಕಗಳ ಮೇಲೆ. ದಿನಾ ರಾತ್ರಿ ಮಲಗುವಾಗ 100 ಮಿಲಿಗ್ರಾಂ. 8 ವಾರವಾದರೂ ಗುಣ ಕಾಣದಿದ್ದರೆ ನಿಲ್ಲಿಸಬೇಕು. ಕಂಡರೂ ಸರಾಸರಿ ಲಾಭ ಅಲ್ಪವೇ. ಮದ್ಯದ ಜೊತೆ ಸೇರಿದರೆ ರಕ್ತದೊತ್ತಡ ಕುಸಿದು ತಲೆಸುತ್ತಿ ಬೀಳಬಹುದು. ಫಾರ್ವರ್ಡ್ ಮಾಡಿದವರು ಈ ಸಾಲನ್ನು ನಾಜೂಕಾಗಿ ಬಿಟ್ಟಿದ್ದಾರೆ.

ಎಷ್ಟೋ ಸಲ ‘ಆಸಕ್ತಿ ಇಲ್ಲ’ ಎಂಬುದರ ಹಿಂದೆ ನೋವಿರುತ್ತದೆ. ಮುಟ್ಟು ನಿಂತ ಮೇಲೆ ಅಥವಾ ಮಗುವಿಗೆ ಹಾಲೂಡಿಸುವಾಗ ಈಸ್ಟ್ರೊಜೆನ್ ಎಂಬ ಹಾರ್ಮೋನು ಇಳಿದು ಯೋನಿ ಒಣಗಬಹುದು. ಪ್ರತಿ ಸಲ ಉರಿದರೆ ಮನಸ್ಸು ತಾನಾಗಿ ಹಿಂದೆ ಸರಿಯುತ್ತದೆ. ಅದಕ್ಕೆ ಜಾರುವಂತೆ ಮಾಡುವ ಲೂಬ್ರಿಕಂಟ್ ಇದೆ, ವೈದ್ಯರು ಬರೆದುಕೊಡುವ ಈಸ್ಟ್ರೊಜೆನ್ ಕ್ರೀಮ್ ಇದೆ. ಸ್ನಾಯು ಬಿಗಿದುಕೊಂಡು ನೋವಾದರೆ ಪೆಲ್ವಿಕ್ ಫ್ಲೋರ್ (ಕಿಬ್ಬೊಟ್ಟೆಯ ತಳದ ಸ್ನಾಯುಗಳ) ಫಿಸಿಯೋಥೆರಪಿ ಇದೆ. ಇನ್ನು ಖಿನ್ನತೆಗೆ ಕೊಡುವ ಎಸ್‌ಎಸ್‌ಆರ್‌ಐ ಎಂಬ ಗುಂಪಿನ ಮಾತ್ರೆ ಶುರುವಾದ ಮೇಲೆ ಲೈಂಗಿಕ ಪರಾಕಾಷ್ಠೆ ತಡವಾಗುವುದು, ಸಿಗದೇ ಹೋಗುವುದು ಗೊತ್ತಿರುವ ಅಡ್ಡಪರಿಣಾಮ. ಆ ಮಾತ್ರೆಯನ್ನು ತಾವಾಗಿ ನಿಲ್ಲಿಸಬೇಡಿ, ವೈದ್ಯರನ್ನು ಕೇಳಿದರೆ ಡೋಸ್ ಇಳಿಸಬಹುದು ಅಥವಾ ಔಷಧ ಬದಲಿಸಬಹುದು.