ಮೂರು ತುಂಬುವವರೆಗೆ ಕಾಯಬೇಡಿ

ಅಂಗನವಾಡಿ ಅಂದ ಕೂಡಲೇ ಕಣ್ಣ ಮುಂದೆ ಬರುವುದು ಗೋಡೆ ಮೇಲಿನ ಅ ಆ ಇ ಈ, ತಟ್ಟೆ ಮುಂದಿಟ್ಟುಕೊಂಡು ಸಾಲಾಗಿ ಕೂತ ಮೂರು-ನಾಲ್ಕು ವರ್ಷದ ಮಕ್ಕಳು. ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ಶುರುವಾದಾಗ ನಡೆದ ಜಗಳವೂ ಈ ಮಕ್ಕಳದ್ದೇ. ಆ ತರಗತಿಗಳು ಅಂಗನವಾಡಿಯಲ್ಲೇ ನಡೆಯಲಿ ಎಂದು ಕಾರ್ಯಕರ್ತೆಯರು ಬೀದಿಗಿಳಿದು ಕೇಳಿದ್ದರಲ್ಲಿ ನ್ಯಾಯವಿತ್ತು. ಆದರೆ ಆ ಗದ್ದಲದಲ್ಲಿ ಆರು ತಿಂಗಳಿಂದ ಎರಡು ವರ್ಷದೊಳಗಿನ ಕೂಸುಗಳ ಸುದ್ದಿಯನ್ನು ಯಾರೂ ಎತ್ತಲಿಲ್ಲ. ಮಗು ಸೊರಗುವುದು ಹೆಚ್ಚಾಗಿ ಆ ಹದಿನೆಂಟು ತಿಂಗಳಲ್ಲೇ. ಮೂರು ತುಂಬಿದ ಮೇಲೆ ಕೈಹಿಡಿದು ಅಂಗನವಾಡಿಗೆ ಕರೆತರುವಷ್ಟರಲ್ಲಿ, ಎತ್ತರದಲ್ಲಿ ಕಳೆದುಕೊಂಡದ್ದನ್ನು ಪೂರ್ತಿ ತುಂಬಿಸಿಕೊಡುವುದು ಬಲು ಕಷ್ಟ.

1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾಯಿತು. ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ಟಿ. ನರಸೀಪುರಕ್ಕೆ. ಅಂದಿನಿಂದಲೂ ಇದರಲ್ಲಿ ಸೇರಿರುವುದು ಆರು ಸೇವೆ: ಪೂರಕ ಆಹಾರ, ಶಾಲಾಪೂರ್ವ ಶಿಕ್ಷಣ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ತಾಯಂದಿರಿಗೆ ತಿಳಿವಳಿಕೆ, ದೊಡ್ಡ ಆಸ್ಪತ್ರೆಗೆ ಕಳಿಸುವ ವ್ಯವಸ್ಥೆ. ಮೂರು ದಾಟಿದ ಮಕ್ಕಳು ಕೇಂದ್ರಕ್ಕೆ ಬಂದು ಬಿಸಿಯೂಟ ಮಾಡುತ್ತಾರೆ. ಅದಕ್ಕಿಂತ ಸಣ್ಣವರ ಪಾಲು ಪೊಟ್ಟಣವಾಗಿ ಮನೆಗೆ ಹೋಗುತ್ತದೆ. ದಿನಕ್ಕೆ 500 ಕ್ಯಾಲೊರಿ, 12ರಿಂದ 15 ಗ್ರಾಂ ಪ್ರೋಟೀನ್ ಎಂಬುದು 2013ರ ಆಹಾರ ಭದ್ರತಾ ಕಾಯ್ದೆಯ ಲೆಕ್ಕವಾಗಿತ್ತು. ಆ ಪೊಟ್ಟಣ ಮನೆಯೊಳಗೆ ಹೋದ ಮೇಲೆ ಏನಾಗುತ್ತದೆ ಅಂತ ಯಾವ ರಿಜಿಸ್ಟರೂ ಹೇಳುವುದಿಲ್ಲ. ದೊಡ್ಡ ಮಕ್ಕಳು ಸಕ್ಕರೆ ಬೆರೆಸಿ ಪುಡಿಯನ್ನೇ ಮುಕ್ಕುತ್ತಾರೆ, ಅಜ್ಜಿ ಅದರಲ್ಲೇ ಉಂಡೆ ಕಟ್ಟುತ್ತಾರೆ, ಕೆಲವು ಮನೆಗಳಲ್ಲಿ ಎಮ್ಮೆಯ ಬಾನಿಗೂ ಬೀಳುತ್ತದೆ. ತಾಯಂದಿರನ್ನು ಬೈದು ಏನೂ ಪ್ರಯೋಜನವಿಲ್ಲ. ಎಂಟು ತಿಂಗಳ ಕೂಸಿಗೆ ಇದನ್ನು ಹೇಗೆ ಬೇಯಿಸಬೇಕು, ಎಷ್ಟು ತಿನ್ನಿಸಬೇಕು ಎಂದು ಅವರ ಒಲೆ ಮುಂದೆ ಕೂತು ತೋರಿಸಿಕೊಟ್ಟವರಿಲ್ಲ.

ತೋರಿಸಬೇಕಾದ್ದು ಇಷ್ಟು. ಎಂಟು ಕಿಲೊ ತೂಗುವ ಮಗುವಿನ ಹೊಟ್ಟೆ ಒಂದು ಸಲಕ್ಕೆ ಹಿಡಿಯುವುದು ಹೆಚ್ಚೆಂದರೆ 240 ಮಿಲಿ, ಅಂದರೆ ಒಂದು ಲೋಟ. ಎರಡು ಚಮಚ ರಾಗಿಹಿಟ್ಟಿಗೆ ಲೋಟ ತುಂಬ ನೀರು ಹಾಕಿ ಗಂಜಿಯಂತೆ ಕಾಯಿಸಿ ಕುಡಿಸಿದರೆ ಹೊಟ್ಟೆ ತುಂಬುತ್ತದೆ, ಒಳಗೆ ಹೋದದ್ದು ಮಾತ್ರ ಅರವತ್ತು-ಎಪ್ಪತ್ತು ಕ್ಯಾಲೊರಿ. ಎದೆಹಾಲು ಕುಡಿಯುವ ಮಗುವಿಗೂ ಒಂಬತ್ತರಿಂದ ಹನ್ನೊಂದು ತಿಂಗಳಲ್ಲಿ ಹಾಲಿನ ಹೊರತಾಗಿ ದಿನಕ್ಕೆ ಸುಮಾರು 300 ಕ್ಯಾಲೊರಿ ಬೇಕು, ವರ್ಷ ತುಂಬಿದ ಮೇಲೆ 550. ಹಾಗಾಗಿ ಕೂಸಿಗೆ ಬೇಯಿಸುವ ರಾಗಿ ಸರಿ ಗಟ್ಟಿಯಾಗಿರಬೇಕು. ಚಮಚ ಓರೆ ಮಾಡಿದರೆ ಸುರಿಯಬಾರದು, ನಿಧಾನವಾಗಿ ಜಾರಬೇಕು. ಇಳಿಸುವ ಮುಂಚೆ ಒಂದು ಟೀ ಚಮಚ ತುಪ್ಪವನ್ನೋ ಕಡಲೆಕಾಯಿ ಎಣ್ಣೆಯನ್ನೋ ಬೆರೆಸಿದರೆ ಅಷ್ಟಕ್ಕೇ ನಲವತ್ತೈದು ಕ್ಯಾಲೊರಿ ಸೇರಿತು.

ಗಟ್ಟಿ ಸರಿ ಗಂಟಲಿಗೆ ಇಳಿಯುವುದಿಲ್ಲ ಅನ್ನುವ ಮಾತು ಸುಳ್ಳಲ್ಲ. ಅದಕ್ಕೆ ಉಪಾಯ ನಮ್ಮ ಅಜ್ಜಿಯಂದಿರ ಕಾಲದ್ದೇ, ಮೊಳಕೆ ರಾಗಿ. ರಾತ್ರಿ ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದ ಮೇಲೆ ಒಣಗಿಸಿ, ಹದವಾಗಿ ಹುರಿದು ಬೀಸಿದ ಹಿಟ್ಟು. ಮೊಳಕೆಯಲ್ಲಿ ಪಿಷ್ಟವನ್ನು ಒಡೆಯುವ ಕಿಣ್ವವಿರುತ್ತದೆ. ಗಟ್ಟಿಯಾಗಿ ಬೇಯಿಸಿದ ಬಿಸಿ ಸರಿಗೆ ಅರ್ಧ ಚಮಚ ಮೊಳಕೆ ಹಿಟ್ಟು ಹಾಕಿ ಕಲಸಿದರೆ ನೋಡನೋಡುತ್ತಲೇ ಸಡಿಲವಾಗುತ್ತದೆ. ಆಮೇಲೆ ಇನ್ನೊಂದು ಕುದಿ ಬರಿಸಿ ಇಳಿಸಬೇಕು. ನೀರು ಸುರಿಯದೆಯೇ ತೆಳುವಾಯಿತು, ಕಸುವು ಎಲ್ಲೂ ಹೋಗಲಿಲ್ಲ. ರಾಗಿಯನ್ನು ಕರಿಕಾಗುವ ಹಾಗೆ ಹುರಿದರೆ ಮಾತ್ರ ಈ ಗುಣ ಸತ್ತುಹೋಗುತ್ತದೆ. ಇದನ್ನು ಹೇಳಿಕೊಡಲು ಕಾಲು ಗಂಟೆ ಸಾಕು.

ತೂಕ ನೋಡುವ ವಿಷಯಕ್ಕೆ ಬರೋಣ, ಯಾಕೆಂದರೆ ಎಲ್ಲ ತಪ್ಪುಗಳೂ ಅಲ್ಲೇ ಶುರುವಾಗುತ್ತವೆ. ಆರು ತಿಂಗಳಿಂದ ವರ್ಷದವರೆಗೆ ಮಗುವಿನ ತೂಕ ತಿಂಗಳಿಗೆ ಸುಮಾರು ಕಾಲು ಕಿಲೊ ಏರಬೇಕು. ಕುಲಾವಿ, ಸ್ವೆಟರ್, ಬೆಳ್ಳಿ ಕಾಲ್ಗಡಗ, ಒದ್ದೆ ಚಡ್ಡಿ ಎಲ್ಲ ಸೇರಿದರೆ ಅದೇ ಕಾಲು ಕಿಲೊ ಆಗುತ್ತದೆ! ಹಾಗೆ ತೂಗಿದರೆ ಒಂದು ತಿಂಗಳ ಬೆಳವಣಿಗೆ ನಿಂತುಹೋದದ್ದು ಕಾಣುವುದೇ ಇಲ್ಲ. ತಕ್ಕಡಿಯನ್ನು ಗಟ್ಟಿ ಸಮನೆಲದ ಮೇಲಿಡಬೇಕು, ಚಾಪೆ ಮೇಲಲ್ಲ. ಸೊನ್ನೆ ನೋಡಿ, ಮಗುವಿನ ಬಟ್ಟೆ ಬಿಚ್ಚಿ ತೂಗಬೇಕು. ಎರಡು ವರ್ಷದೊಳಗಿನ ಮಗುವಿನ ಉದ್ದವನ್ನು ಮಲಗಿಸಿಯೇ ಅಳೆಯಬೇಕು. ನಿಲ್ಲಿಸಿ ಅಳೆದರೆ ಮುಕ್ಕಾಲು ಸೆಂಟಿಮೀಟರಿನಷ್ಟು ಕಡಿಮೆ ಬರುತ್ತದೆ, ಮುಂದಿನ ಲೆಕ್ಕವೆಲ್ಲ ಅಡಿಮೇಲಾಗುತ್ತದೆ.

ತಿಂಗಳ ತೂಕ ಗುರುತಿಸುವ ಬೆಳವಣಿಗೆ ನಕ್ಷೆಯಲ್ಲಿ ಮಗು ಹಸಿರು ಪಟ್ಟಿ ಬಿಟ್ಟು ಕೆಳಗಿಳಿದ ಮೇಲೆ ಎಲ್ಲರೂ ಓಡಾಡುತ್ತಾರೆ. ನೋಡಬೇಕಾದದ್ದು ಅದಕ್ಕೂ ಎರಡು ತಿಂಗಳು ಮೊದಲು. ಮಗು ಇನ್ನೂ ಹಸಿರಿನಲ್ಲೇ ಇರುತ್ತದೆ, ಆದರೆ ಗೆರೆ ಮೇಲೇರದೆ ಅಡ್ಡಡ್ಡ ಹೋಗಿರುತ್ತದೆ. ಹಸಿರಿನಲ್ಲಿ ಅಡ್ಡ ಹೋದ ಗೆರೆಗೆ ನಮ್ಮಲ್ಲಿ ಯಾರೂ ಗಾಬರಿಯಾಗುವುದಿಲ್ಲ. ಅದೇ ವಾರ ಮನೆಗೆ ಹೋಗಿ ನಾಲ್ಕು ಪ್ರಶ್ನೆ ಕೇಳಬೇಕು. ಭೇದಿಯೋ ಜ್ವರವೋ ಬಂದಿತ್ತಾ? ಎದೆಹಾಲು ಬಿಡಿಸಿದ್ರಾ? ತಾಯಿ ಕೂಲಿಗೆ ಹೋಗೋಕೆ ಶುರು ಮಾಡಿದ್ರಾ? ಹಗಲು ಮಗುವಿಗೆ ಉಣಿಸೋರು ಯಾರು? ಮೂರರಲ್ಲಿ ಎರಡು ಸಲ ಉತ್ತರ ಕೊನೆಯ ಪ್ರಶ್ನೆಯಲ್ಲೇ ಇರುತ್ತದೆ ಅನ್ನುವುದು ನನ್ನ ಅಂದಾಜು. ಏಳು ವರ್ಷದ ಅಕ್ಕ ನೋಡಿಕೊಳ್ಳುವ ಮನೆಯಲ್ಲಿ ಕೂಸಿಗೆ ಸಿಗುವುದು ಬಿಸ್ಕತ್ತು ಮತ್ತು ಟೀ. ಟೀ ಇದ್ದಬದ್ದ ಕಬ್ಬಿಣಾಂಶವನ್ನೂ ಮೈಗೆ ಹತ್ತಗೊಡುವುದಿಲ್ಲ. ನರೇಗಾ ಕೂಲಿಕಾರರ ಮಕ್ಕಳಿಗೆಂದು ಗ್ರಾಮ ಪಂಚಾಯಿತಿಗಳಲ್ಲಿ ತೆರೆದ ‘ಕೂಸಿನ ಮನೆ’ ಇಂಥ ಸಂಸಾರಗಳಿಗೆ ನಿಜವಾದ ಆಸರೆ. ನಿಮ್ಮ ಪಂಚಾಯಿತಿಯಲ್ಲಿ ಬೋರ್ಡು ಮಾತ್ರ ಇದೆಯಾ, ಮಕ್ಕಳೂ ಇದ್ದಾರಾ ಅಂತ ಒಮ್ಮೆ ಹೋಗಿ ನೋಡಿ.

ತಕ್ಕಡಿ ಕೆಟ್ಟಿದ್ದರೆ ತೋಳಿನ ಸುತ್ತಳತೆ ನೋಡುವ ಪಟ್ಟಿ ಇದೆ. ಎಡ ತೋಳು, ಭುಜದ ಮೂಳೆಗೂ ಮೊಣಕೈಗೂ ಸರಿ ಮಧ್ಯ, ಕೈ ಸಡಿಲವಾಗಿ ಇಳಿಬಿದ್ದಿರಬೇಕು, ಪಟ್ಟಿ ಚರ್ಮವನ್ನು ಹಿಂಡಬಾರದು. ಆರು ತಿಂಗಳಿಂದ ಐದು ವರ್ಷದವರೆಗೆ ಒಂದೇ ಅಳತೆ: 11.5 ಸೆಂಟಿಮೀಟರಿಗಿಂತ ಕಡಿಮೆ ಬಂದರೆ ತೀವ್ರ ಅಪೌಷ್ಟಿಕತೆ, 12.5ರವರೆಗೆ ಮಧ್ಯಮ ಅಪೌಷ್ಟಿಕತೆ. ಜೊತೆಗೆ ಎರಡೂ ಪಾದಗಳ ಮೇಲೆ ಹೆಬ್ಬೆರಳಿಟ್ಟು ಮೂರು ಸೆಕೆಂಡು ಒತ್ತಿ ನೋಡಬೇಕು. ಗುಳಿ ಉಳಿದರೆ ಅದು ನೀರು ತುಂಬಿದ ಊತ. ಅಂಥ ಮಗು ನೋಡಲು ಗುಂಡುಗುಂಡಾಗಿರುತ್ತದೆ, ತೂಕವೂ ಸರಿಯಾಗಿಯೇ ಬರುತ್ತದೆ, ಎಲ್ಲರೂ ಮೋಸ ಹೋಗುತ್ತಾರೆ. ಅದನ್ನು ಆ ದಿನವೇ ಆಸ್ಪತ್ರೆಗೆ ಕರೆದೊಯ್ಯಬೇಕು.

ತೀವ್ರ ಅಪೌಷ್ಟಿಕತೆಯ ಮಕ್ಕಳಿಗಾಗಿ ಆಸ್ಪತ್ರೆಯಲ್ಲಿರುವ ಪೌಷ್ಟಿಕ ಪುನಶ್ಚೇತನ ಕೇಂದ್ರದಲ್ಲಿ ತಾಯಿ-ಮಗು ಸುಮಾರು ಹದಿನಾಲ್ಕು ದಿನ ಇರಬೇಕು. ಊಟ, ಔಷಧ ಉಚಿತ, ತಾಯಿಯ ಕೂಲಿ ನಷ್ಟಕ್ಕೂ ಭತ್ಯೆ ಇದೆ. ಆದರೂ ಮೂರನೇ ದಿನಕ್ಕೇ ಗಂಟುಮೂಟೆ ಕಟ್ಟಿ ಹೊರಡುತ್ತಾರೆ. ಮನೆಯಲ್ಲಿ ಇನ್ನೆರಡು ಮಕ್ಕಳು, ದನಕ್ಕೆ ಮೇವು ಹಾಕೋರಿಲ್ಲ, ಅತ್ತೆಗೆ ಅಡುಗೆ ಮಾಡೋರಿಲ್ಲ. ಕಳಿಸುವ ಮುನ್ನ ಈ ಮೂರಕ್ಕೂ ಹೆಸರು ಹಿಡಿದು ವ್ಯವಸ್ಥೆ ಮಾಡಬೇಕು. ದನ ಯಾರು ನೋಡ್ತಾರೆ, ದೊಡ್ಡ ಮಗು ಯಾರ ಮನೇಲಿ ಮಲಗುತ್ತೆ ಅಂತ ಸ್ತ್ರೀಶಕ್ತಿ ಸಂಘದ ಸಭೆಯಲ್ಲೇ ಇತ್ಯರ್ಥವಾದರೆ ತಾಯಿ ನೆಮ್ಮದಿಯಿಂದ ಹದಿನಾಲ್ಕು ದಿನ ಉಳಿಯುತ್ತಾಳೆ. ಬಿಡುಗಡೆಯಾದ ಮೇಲೂ ಹದಿನೈದು ದಿನಕ್ಕೊಮ್ಮೆ ಮರಳಿ ತೋರಿಸಬೇಕು. ಬಸ್ಸಿನ ದುಡ್ಡಿಲ್ಲದೆ ಅದೂ ತಪ್ಪುತ್ತದೆ.

ದೇಹ ಒಂದು ಕಡೆಯಾದರೆ ಮಾತು, ಕಿವಿ, ನಡಿಗೆ ಇನ್ನೊಂದು ಕಡೆ. ‘ಅವರಪ್ಪನೂ ಮೂರು ವರ್ಷ ಆದ್ಮೇಲೇ ಮಾತಾಡಿದ್ದು ಬಿಡಿ’, ‘ಬಜೆ ತೇಯ್ದು ನಾಲಿಗೆಗೆ ಹಚ್ಚಿ’ ಅನ್ನುವ ಎರಡು ಮಾತು ಎಷ್ಟೋ ಮಕ್ಕಳ ಎರಡೆರಡು ವರ್ಷ ತಿಂದಿವೆ. ಹುಟ್ಟು ಕಿವುಡಿರುವ ಕೂಸೂ ಮೊದಲ ಕೆಲವು ತಿಂಗಳು ಕೇಕೆ ಹಾಕುತ್ತದೆ, ತೊದಲುತ್ತದೆ. ತಟ್ಟೆ ಬಿದ್ದರೆ ಅದುರಿಕೆಗೋ ನೆರಳಿಗೋ ತಿರುಗುತ್ತದೆ. ಮನೆಯವರು ಕೇಳಿಸುತ್ತದೆ ಅಂದುಕೊಳ್ಳುತ್ತಾರೆ. ಕಣ್ಣಿಗೆ ಬೀಳದಂತೆ ಹಿಂದೆ ನಿಂತು ಮೆಲ್ಲಗೆ ಹೆಸರು ಕರೆದು ನೋಡಿ. ನಾಲ್ಕು ತಿಂಗಳಿಗೆ ಕತ್ತು ನಿಲ್ಲದಿದ್ದರೆ, ಒಂಬತ್ತು ತಿಂಗಳಿಗೆ ಆಸರೆಯಿಲ್ಲದೆ ಕೂರದಿದ್ದರೆ, ಒಂದೂವರೆ ವರ್ಷಕ್ಕೆ ನಡೆಯದಿದ್ದರೆ, ಎರಡು ವರ್ಷಕ್ಕೆ ‘ಅಮ್ಮ ಬಾ’ ಎಂದು ಎರಡು ಪದ ಜೋಡಿಸದಿದ್ದರೆ ಜಿಲ್ಲಾ ಆಸ್ಪತ್ರೆಯಲ್ಲಿ ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸಿ ಚಿಕಿತ್ಸೆ ಕೊಡುವ ಡಿಇಐಸಿ ವಿಭಾಗಕ್ಕೆ ತೋರಿಸಿ. ಅಲ್ಲಿ ತೋರಿಸಿದ ಮಾತ್ರಕ್ಕೆ ಮಗುವಿಗೆ ಅಂಗವೈಕಲ್ಯದ ಹಣೆಪಟ್ಟಿ ಬೀಳುವುದಿಲ್ಲ. ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ನೇರವಾಗಿಯೂ ಹೋಗಬಹುದು. ಕಿವುಡು ಮೊದಲ ವರ್ಷದಲ್ಲೇ ಗೊತ್ತಾಗಿ ಶ್ರವಣಯಂತ್ರ ಹಾಕಿದ ಮಗು ಮಾತು ಕಲಿಯುವ ರೀತಿಯೇ ಬೇರೆ, ನಾಲ್ಕನೇ ವರ್ಷಕ್ಕೆ ಹಾಕಿದ ಮಗುವಿನ ಪಾಡೇ ಬೇರೆ.

2013ರಲ್ಲಿ ಬಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಬರಬೇಕು, ಆರು ವಾರದ ಕೂಸಿನಿಂದ ಹಿಡಿದು ಎಲ್ಲ ಮಕ್ಕಳನ್ನೂ ನೋಡಬೇಕು. ಅಲ್ಲೂ ಅದೇ ಕಥೆ. ಕೇಂದ್ರದಲ್ಲಿ ಕೂತಿರುವವರು ಮೂರು ದಾಟಿದವರು, ಅವರದೇ ತಪಾಸಣೆ. ಒಂದು ವರ್ಷದ ಕೂಸು ಆ ಹೊತ್ತಿಗೆ ಹೊಲದ ಬದುವಿನಲ್ಲಿ ಜೋಲಿಯಲ್ಲಿರುತ್ತದೆ. ತಂಡ ಬರುವ ತಾರೀಖು ಮೊದಲೇ ತಿಳಿದು, ಹಿಂದಿನ ಸಂಜೆ ಆಶಾ ಕಾರ್ಯಕರ್ತೆ ನಾಲ್ಕು ಮನೆ ಬಾಗಿಲು ತಟ್ಟಿದರೂ ಈ ಮಕ್ಕಳು ಸಿಗುತ್ತಾರೆ.

ಹುಟ್ಟಿದ ಮೇಲೆ 42 ದಿನದವರೆಗೆ ಆಶಾ ಆರು ಸಲ ಮನೆಗೆ ಬರಬೇಕು. ಆಮೇಲೆ 3, 6, 9, 12, 15ನೇ ತಿಂಗಳಲ್ಲಿ ಐದು ಭೇಟಿ. ಕಾಗದದ ಮೇಲೆ ಇದು ಬಹಳ ಒಳ್ಳೆಯ ಲೆಕ್ಕ, ಮಗು ಜಾರುವ ಕಾಲಕ್ಕೇ ಸರಿಯಾಗಿ ಕೂತಿದೆ. ಆದರೆ ಅಂಗನವಾಡಿ ಟೀಚರ್ ಆಗಲಿ ಆಶಾ ಆಗಲಿ ದಿನದ ಬಹುಪಾಲು ಕಳೆಯುವುದು ಮೊಬೈಲ್ ಮುಂದೆ. ಪೋಷಣ್ ಟ್ರ್ಯಾಕರ್ ಎಂಬ ಸರ್ಕಾರಿ ಆ್ಯಪ್‌ಗೆ ಹಾಜರಿ ಹಾಕಬೇಕು, ಫೋಟೊ ತೆಗೆಯಬೇಕು, ಆಹಾರ ಕೊಡಲು ಪಡೆಯುವವರ ಮುಖವನ್ನು ಕ್ಯಾಮೆರಾದಲ್ಲಿ ಹೊಂದಿಸಬೇಕು, ನೆಟ್‌ವರ್ಕ್ ಇಲ್ಲದಿದ್ದರೆ ಮರದಡಿ ನಿಲ್ಲಬೇಕು. ಮನೆ ಭೇಟಿಗೆ ಉಳಿಯುವುದು ಸಂಜೆಯ ಅರ್ಧ ಗಂಟೆ. ಅವರ ಮೇಲೆ ಚುನಾವಣೆ, ಸಮೀಕ್ಷೆ ಅಂತ ಇನ್ನಷ್ಟು ಹೊರಿಸುವುದನ್ನು ನಿಲ್ಲಿಸದೆ ‘ಬೇಗ ಗುರುತಿಸಿ’ ಅನ್ನುವ ಸುತ್ತೋಲೆ ಹೊರಡಿಸುವುದು ಅನ್ಯಾಯ.

ಊರಿನವರು ಮಾಡಬಹುದಾದ್ದೂ ಇದೆ. ಪ್ರತಿ ಹಳ್ಳಿಯಲ್ಲಿ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ ಅಂತ ಒಂದಿದೆ. ಅದಕ್ಕೆ ವರ್ಷಕ್ಕೆ 10,000 ರೂಪಾಯಿವರೆಗೆ ಮುಕ್ತ ನಿಧಿ ಇರುತ್ತದೆ. ಸುಣ್ಣಬಣ್ಣಕ್ಕೆ ಖರ್ಚಾಗುವ ಆ ಹಣದಲ್ಲಿ ಕೆಟ್ಟ ತಕ್ಕಡಿ ರಿಪೇರಿಯಾಗಬಹುದು, ಜಿಲ್ಲಾ ಆಸ್ಪತ್ರೆಗೆ ಹೋಗುವ ತಾಯಿಯ ಬಸ್ ಚಾರ್ಜಿಗೂ ಆಗಬಹುದು. ಮುಂದಿನ ಸಭೆಯಲ್ಲಿ ಮೂರು ಲೆಕ್ಕ ಕೇಳಿ. ಎರಡು ವರ್ಷದೊಳಗಿನ ಮಕ್ಕಳು ಊರಲ್ಲಿ ಎಷ್ಟು ಜನ, ಕಳೆದ ತಿಂಗಳು ತೂಗಿದ್ದು ಎಷ್ಟು ಜನರನ್ನು, ಎರಡು ತಿಂಗಳಿಂದ ತೂಕ ಏರದವರು ಯಾರ್ಯಾರು.