ಅಂಗಿ ತೆಗೆಯಬೇಕಾ, ಟೊಪ್ಪಿ ಹಾಕಬೇಕಾ?

ಅವನ ಹೆಸರು ನಮ್ಮ ಅಜ್ಜಿಯ ಬಾಯಲ್ಲಿ ತಿರುಗಲಿಲ್ಲ. ಎರಡು ದಿನ ಪ್ರಯತ್ನಪಟ್ಟು, ಮೂರನೇ ದಿನ ಬೆಳಿಗ್ಗೆ ‘ಜರ್ಮನಿ’ ಅಂತ ಇಟ್ಟುಬಿಟ್ಟರು. ‘ಜರ್ಮನಿ ಎದ್ದನಾ?’ ‘ಜರ್ಮನಿಗೆ ಇನ್ನೆರಡು ನೀರುದೋಸೆ ಹಾಕು.’ ‘ಜರ್ಮನಿ ಇನ್ನೂ ಬಚ್ಚಲಿನಿಂದ ಹೊರಗೆ ಬರಲಿಲ್ವಾ?’ ದಾರಿಯಲ್ಲಿ ಹೋಗುವವರಿಗೆ ನಮ್ಮ ಮನೆಯ ರೇಡಿಯೋದಲ್ಲಿ ಹಳೇ ಯುದ್ಧದ ವಾರ್ತೆ ಬರುತ್ತಿದೆ ಅಂತ ಅನಿಸಿರಬೇಕು.

ನಮ್ಮ ಕಾಲೇಜಿಗೆ ಒಂದು ಸೆಮಿಸ್ಟರ್ ಮಟ್ಟಿಗೆ ಜರ್ಮನಿಯ ಕಲೋನಿನಿಂದ ಬಂದಿದ್ದ ಹುಡುಗ. ಊರಿಗೆ ವಾಪಸ್ ಹೋಗುವಾಗ ಇಲ್ಲಿಯ ಪೂಜಾಸ್ಥಳಗಳ ಮೇಲೆ ಒಂದು ಪ್ರಾಜೆಕ್ಟ್ ಕೊಡಬೇಕಿತ್ತಂತೆ. ಕ್ಯಾಂಟೀನಿನಲ್ಲಿ ನಾನು ಸುಮ್ನೆ ‘ಕಾಸರಗೋಡಿನ ಹತ್ತಿರ ನಮ್ಮ ಕುಂಬಳೆಗೆ ಬಾ, ದೇವಸ್ಥಾನ, ಮಸೀದಿ, ಇಗರ್ಜಿ ಎಲ್ಲ ಬಸ್ಸಿನ ದಾರಿಯಲ್ಲೇ ಉಂಟು’ ಅಂದಿದ್ದೆ. ಇಂಥ ಮಾತನ್ನು ನಮ್ಮಲ್ಲಿ ಯಾರೂ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ, ಅಲ್ವಾ? ಅವನು ದಸರಾ ರಜೆಗೆ ಬ್ಯಾಗ್ ಹೊತ್ತು ಬಂದೇಬಿಟ್ಟ. 6 ಅಡಿ 4 ಇಂಚು ಎತ್ತರ. ನಮ್ಮ ಹಂಚಿನ ಮನೆಯ ಬಾಗಿಲಿಗೆ ಮೊದಲ ದಿನವೇ ನಾಲ್ಕು ಸಲ ಹಣೆ ಬಡಿದುಕೊಂಡ.

ಸಂಜೆ ಪಕ್ಕದ ಮನೆಯ ಮಾಷ್ಟ್ರು ಬಂದರು. ಕನ್ನಡ ಕಲಿಸಿ ರಿಟೈರ್ ಆದವರು. ಕೇರಳ-ಕರ್ನಾಟಕ ಗಡಿಯಲ್ಲಿರುವುದರಿಂದಲೋ ಏನೋ, ನಮ್ಮ ಕಡೆಯ ಕನ್ನಡ ಮಾಷ್ಟ್ರುಗಳಿಗೆ ಭಾಷೆಯ ಮೇಲೆ ಪ್ರೀತಿ ಸ್ವಲ್ಪ ಜಾಸ್ತಿ. ಕುರ್ಚಿ ಎಳೆದು ಹತ್ತಿರ ಕೂತು ಕೇಳಿದರು, ‘ಕಿಟ್ಟೆಲ್ ಗೊತ್ತುಂಟಲ್ಲ?’

ಜರ್ಮನಿ ಯೋಚಿಸಿದ. ಕಲೋನಿನಲ್ಲಿ ಆ ಹೆಸರಿನವರು ಯಾರೂ ತನಗೆ ಪರಿಚಯವಿಲ್ಲ ಅಂದ.

‘ಫರ್ಡಿನೆಂಡ್ ಕಿಟ್ಟೆಲ್! 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕನ್ನಡ ನಿಘಂಟು! ನಿಮ್ಮವರೇ ಮಾಡಿದ್ದು!’

ಗೊತ್ತಿಲ್ಲ ಅಂದ. ಮಾಷ್ಟ್ರು ಅರ್ಧ ಕುಡಿದ ಚಾ ಕೆಳಗಿಟ್ಟರು. ಅವನು ಇದ್ದಷ್ಟು ದಿನವೂ ಬೇಲಿಯ ಆಚೆಯಿಂದ ಅವನನ್ನು ಪದ್ಯ ಬಾಯಿಪಾಠ ಮಾಡದ ಹುಡುಗನನ್ನು ನೋಡುವ ಹಾಗೆ ನೋಡುತ್ತಿದ್ದರು.

ನಿಜವಾದ ಕಷ್ಟ ಶುರುವಾದದ್ದು ಬಟ್ಟೆಯಿಂದ. ನಮ್ಮ ಕಡೆ ದೇವಸ್ಥಾನದ ಒಳಗೆ ಗಂಡಸರು ಅಂಗಿ, ಬನಿಯನ್ ತೆಗೆಯಬೇಕು. ಅವನಿಗೆ ಅಜ್ಜನ ಹಳೆಯ ಮುಂಡು, ಅಂದರೆ ಪಂಚೆ, ಉಡಿಸಿದೆವು. ಅಜ್ಜ ಗಿಡ್ಡ. ಮುಂಡು ಮೊಣಕಾಲಿನಿಂದ ನಾಲ್ಕು ಬೆರಳು ಕೆಳಗೆ ಬಂದು ನಿಂತಿತು. ಗಂಟು ನಿಲ್ಲುವುದಿಲ್ಲ ಅಂತ ಅಜ್ಜಿ ಬಟ್ಟೆ ಒಣಗಿಸುವ ನೀಲಿ ಕ್ಲಿಪ್ ಮೂರು ತಂದು ಸೊಂಟಕ್ಕೆ ಸಿಕ್ಕಿಸಿದರು.

ಹೋದದ್ದು ಒಂದು ಸಣ್ಣ ದೇವಸ್ಥಾನಕ್ಕೆ. ಹೆಸರು ಬೇಡ, ದೇವರಿಗೆ ಬೇಜಾರಾದೀತು. ಎರಡನೇ ಸುತ್ತು ಬರುವಾಗ ‘ಟಪ್’ ಅಂತ ಒಂದು ಕ್ಲಿಪ್ ಹಾರಿತು. ಮೂರನೇ ಸುತ್ತಿನಲ್ಲಿ ಇನ್ನೊಂದು. ಜರ್ಮನಿ ಎರಡೂ ಕೈಯಲ್ಲಿ ಮುಂಡು ಹಿಡಿದುಕೊಂಡು ಗರ್ಭಗುಡಿಯ ಎದುರು ನಿಂತ. ಆಗಲೇ ಭಟ್ಟರು ತೀರ್ಥ ತಂದರು. ಅವನು ಬಲಗೈಯಲ್ಲಿ ಮುಂಡು ಬಿಗಿಹಿಡಿದು ಎಡಗೈ ಚಾಚಿದ. ಭಟ್ಟರು ತಲೆ ಅಲ್ಲಾಡಿಸಿದರು. ಕೈ ಬದಲಾಯಿಸುವ ಆ ಅರ್ಧ ಕ್ಷಣ ಇದೆಯಲ್ಲ, ಅಲ್ಲಿದ್ದ ಅಷ್ಟೂ ಜನ ಉಸಿರು ಹಿಡಿದಿದ್ದೆವು. ಮೂರನೇ ಕ್ಲಿಪ್ ಮಾನ ಕಾಪಾಡಿತು. ತೀರ್ಥ ಕುಡಿದ. ಅದರ ಹಿಂದೆಯೇ ಬಾಳೆಎಲೆಯ ತುಂಡಿನಲ್ಲಿ ಗಂಧ ಬಂತು. ಅದನ್ನೂ ಬಾಯಿಗೆ ಹಾಕಿಕೊಂಡ.

‘ಸ್ವಲ್ಪ ಒಗರು’ ಅಂದ. ಸೌಜನ್ಯದ ಹುಡುಗ, ಪೂರ್ತಿ ನುಂಗಿದ.

ಹೊರಗೆ ಬಂದರೆ ಅವನ ಚಪ್ಪಲಿ ಇಲ್ಲ. 11 ನಂಬರಿನ ಚಪ್ಪಲಿ! ಅದನ್ನು ಹಾಕಿಕೊಂಡು ಹೋದವನಿಗೆ ಎರಡು ಹೆಜ್ಜೆಯಲ್ಲೇ ಗೊತ್ತಾಗಬೇಕಿತ್ತಲ್ಲ. ಅಜ್ಜಿಗೆ ಮಾತ್ರ ಖುಷಿ. ‘ಒಳ್ಳೇದಾಯ್ತು, ದೇವಸ್ಥಾನದಲ್ಲಿ ಚಪ್ಪಲಿ ಹೋದ್ರೆ ಶನಿ ಬಿಟ್ಟ ಹಾಗೆ.’ ನಾನು ಅನುವಾದ ಮಾಡಿ ಹೇಳಿದೆ. ಶನಿಯನ್ನು ಕಳಿಸಲಿಕ್ಕೆ 80 ಯೂರೋ ಸ್ವಲ್ಪ ಜಾಸ್ತಿ ಆಯಿತಲ್ಲ ಅಂತ ಅವನು ಕೇಳಿದ. ಕಾಸರಗೋಡು ಪೇಟೆಯ ನಾಲ್ಕು ಅಂಗಡಿ ಸುತ್ತಿದರೂ 11 ನಂಬರ್ ಸಿಗಲಿಲ್ಲ. ಕೊನೆಗೆ 9 ನಂಬರಿನ ಹವಾಯಿ ಚಪ್ಪಲಿ. ಹಿಮ್ಮಡಿ ಪೂರಾ ಹೊರಗೆ, ನೆಲದ ಮೇಲೆ.

ಆ ರಾತ್ರಿ ಅವನು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಕೋಷ್ಟಕ ಮಾಡಿದ. ಸ್ಥಳ, ತೆಗೆಯಬೇಕಾದ್ದು, ಹಾಕಬೇಕಾದ್ದು, ಯಾವ ಕೈ, ತಿನ್ನುವುದೋ ಅಲ್ಲವೋ.

ಅನಂತಪುರಕ್ಕೆ ನಾಯ್ಕಾಪಿನಲ್ಲಿ ಬಸ್ಸಿಳಿದು ನಡೆದೆವು. ಮುರಕಲ್ಲಿನ ಪದವು, ಸುತ್ತ ಒಣ ಹುಲ್ಲು, ನಡುವೆ ಕೆರೆ, ಕೆರೆಯ ನಡುವೆ ಗುಡಿ. ತಿರುವನಂತಪುರದ ಅನಂತಪದ್ಮನಾಭನ ಮೂಲಸ್ಥಾನ ಇದೇ ಅಂತ ನಮ್ಮವರ ನಂಬಿಕೆ. ಜರ್ಮನಿಗೆ ಬೇಕಾದದ್ದು ಬಬಿಯಾ, ಅಂದರೆ ಅನ್ನ ಬೆಲ್ಲದ ನೈವೇದ್ಯ ತಿಂದು ಬದುಕಿದ ಮೊಸಳೆ. ಅದು 2022ರ ಅಕ್ಟೋಬರಿನಲ್ಲಿ ಹೋಯಿತು. ಮರುವರ್ಷವೇ ಕೆರೆಯಲ್ಲಿ ಇನ್ನೊಂದು ಮೊಸಳೆ ಕಾಣಿಸಿತು. ಎಲ್ಲಿಂದ ಬಂತು ಅಂತ ಕೇಳಿದರೆ ನಮ್ಮ ಊರಿನಲ್ಲಿ ಒಬ್ಬೊಬ್ಬರು ಒಂದೊಂದು ಕಥೆ ಹೇಳುತ್ತಾರೆ.

‘ನೀನು ಬಬಿಯಾನನ್ನು ನೋಡಿದ್ದೀಯಲ್ಲ?’ ಅಂತ ಕೇಳಿದ. ‘ಎಷ್ಟೋ ಸಲ’ ಅಂದೆ. ಅಪ್ಪಟ ಸುಳ್ಳು. ಇಷ್ಟು ಹತ್ತಿರ ಮನೆ ಇದ್ದೂ ನಾನು ಹೋದಾಗಲೆಲ್ಲ ಅದು ಗುಹೆಯ ಒಳಗೇ. ಸುಳ್ಳು ಹೇಳಿದ ಮೇಲೆ ಹೊಸದನ್ನಾದರೂ ತೋರಿಸಲೇಬೇಕಲ್ಲ. ಗಂಟೆ ಒಂದಾಯಿತು, ಒಂದೂವರೆ ಆಯಿತು. ಅಷ್ಟರಲ್ಲಿ ಮೂಲೆಯಲ್ಲಿ ನೀರಿನ ಮೇಲೆ ಉದ್ದಕ್ಕೆ, ಕಂದು ಬಣ್ಣದ್ದು, ಮೆಲ್ಲ ಸರಿಯಿತು. ‘ಮೊಸಳೆ!’ ಅಂತ ಕೂಗಿದೆ. ಪ್ರದಕ್ಷಿಣೆ ಹಾಕುತ್ತಿದ್ದವರೆಲ್ಲ ಓಡಿ ಬಂದರು. ಒಬ್ಬರು ಅಲ್ಲಿಂದಲೇ ಕೈ ಮುಗಿದೂಬಿಟ್ಟರು. ಒಬ್ಬ ಸಣ್ಣ ಹುಡುಗ ನಿಧಾನವಾಗಿ ನೋಡಿ ಹೇಳಿದ, ‘ಅದು ತೆಂಗಿನ ಮಡಲು, ಅಣ್ಣ.’

ಕೈ ಮುಗಿದವರು ನನ್ನನ್ನು ನೋಡಿದ ನೋಟ ಇನ್ನೂ ನೆನಪುಂಟು.

ಮಧೂರಿನ ಗಣಪತಿ ದೇವಸ್ಥಾನದಲ್ಲಿ ನಾನು ಸ್ವಲ್ಪ ಮರ್ಯಾದೆ ವಾಪಸ್ ಪಡೆದೆ. ತಾಮ್ರ ಹೊದೆಸಿದ ಮಾಡು, ಆನೆಯ ಬೆನ್ನಿನ ಆಕಾರ, ಗೋಡೆಯ ಮೇಲೆ ಹುಡುಗನೊಬ್ಬ ಬರೆದ ಗಣಪತಿ ದಿನದಿನಕ್ಕೆ ದಪ್ಪವಾದ ಕಥೆ, ಟಿಪ್ಪು ದಾಳಿಗೆ ಬಂದು ಬಾವಿಯ ನೀರು ಕುಡಿದು ಮನಸ್ಸು ಬದಲಾಯಿಸಿದ ಕಥೆ, ಎಲ್ಲ ಅಜ್ಜಿ ಹೇಳಿದ್ದೇ. ಅವನು ಬರೆದುಕೊಂಡ. ಆಮೇಲೆ ‘ಅಪ್ಪ’ ಅನ್ನುವ ಸಿಹಿತಿಂಡಿಯ ಪ್ರಸಾದ ಸಿಕ್ಕಿತು. ಪೊಟ್ಟಣ ಬಿಚ್ಚಿ ಒಂದನ್ನು ಹಿಡಿದು, ‘ಇದು ಹಣೆಗೋ, ಬಾಯಿಗೋ?’ ಅಂತ ಕೇಳಿದ. ಬಾಯಿಗೆ ಅಂತ ಗೊತ್ತಾದ ಮೇಲೆ ಬಸ್ ಸ್ಟ್ಯಾಂಡ್ ಮುಟ್ಟುವುದರೊಳಗೆ ಅಜ್ಜಿಯ ಪಾಲೂ ಮುಗಿಯಿತು. ತುಪ್ಪದ ಕೈಯನ್ನು ಕೋಷ್ಟಕಕ್ಕೇ ಒರೆಸಿದ.

ತಳಂಗರೆಯ ಮಾಲಿಕ್ ದೀನಾರ್ ಮಸೀದಿಗೆ ಕರೆದುಕೊಂಡು ಹೋದದ್ದು ನನ್ನ ಕ್ಲಾಸ್‌ಮೇಟ್. ಅವನು ತನ್ನ ಅಜ್ಜನ ತಳಂಗರೆ ಟೊಪ್ಪಿಯನ್ನೇ ತಂದಿದ್ದ. ಬಿಳಿ ಬಟ್ಟೆಯ ಮೇಲೆ ಕೈಯಲ್ಲೇ ಹೊಲಿದ ಸಣ್ಣ ಸಣ್ಣ ಕಣ್ಣುಗಳ ಕಸೂತಿ. ಹಿಂದೆ ಇದು ಗಲ್ಫಿಗೆಲ್ಲ ಹೋಗುತ್ತಿತ್ತು. ಈಗ ಹೊಲಿಯುವ ಕೈಗಳು ತೀರಾ ಕಡಿಮೆ. ಜರ್ಮನಿಯ ತಲೆಯ ಮೇಲೆ ಅದು ಕುಂಬಳಕಾಯಿಯ ಮೇಲೆ ಗೆರಟೆ ಕವುಚಿದ ಹಾಗೆ ಕೂತಿತು. ಅವನು ಕತ್ತು ಅಲ್ಲಾಡಿಸದೆ, ತಲೆಯ ಮೇಲೆ ಕೊಡ ಹೊತ್ತವರ ಹಾಗೆ ನಡೆದ. ಅಲ್ಲಿ ಏನೂ ಅನಾಹುತ ಆಗಲಿಲ್ಲ. ಆದದ್ದು ನನಗೇ. ಕಾಲು ತೊಳೆಯಲು ಹೋಗಿ ಜಾರಿ ಮೊಣಕಾಲಿನವರೆಗೆ ಪ್ಯಾಂಟ್ ಒದ್ದೆ. ‘ಮೊದಲ ಸಲ ಬಂದದ್ದಾ?’ ಅಂತ ಅಲ್ಲಿಯ ಹಿರಿಯರೊಬ್ಬರು ಕೇಳಿದ್ದು ಅವನನ್ನಲ್ಲ, ನನ್ನನ್ನು. ಹೌದು ಅನ್ನಲಿಕ್ಕೆ ನಾಚಿಕೆಯಾಯಿತು. ಐದನೇ ಕ್ಲಾಸಿನಿಂದ ಕಾಸರಗೋಡಿಗೆ ಹೋಗಿ ಬರುವವನು ನಾನು.

ಕೊನೆಗೆ ಬೇಳದ ಇಗರ್ಜಿ. 1890ರಲ್ಲಿ ಕಟ್ಟಿದ್ದು, ಗಾಥಿಕ್ ಶೈಲಿ. ಇಲ್ಲಿ ನನಗೆ ನಿಶ್ಚಿಂತೆ. ಇದು ಅವನದ್ದೇ ಧರ್ಮ, ನಾನೇನು ಹೇಳಿಕೊಡುವುದು? ಹಿಂದಿನಿಂದ ಆರಾಮವಾಗಿ ಬರುತ್ತಿದ್ದೆ. ನೋಡಿದರೆ ಜರ್ಮನಿ ಮೆಟ್ಟಿಲ ಬಳಿ ಹವಾಯಿ ಚಪ್ಪಲಿ ಬಿಟ್ಟು, ಅಂಗಿಯ ಮೂರು ಗುಂಡಿ ಬಿಚ್ಚಿ, ನಾಲ್ಕನೆಯದಕ್ಕೆ ಕೈ ಹಾಕಿದ್ದಾನೆ. ಒಂದು ವಾರದ ಅಭ್ಯಾಸ ನೋಡಿ. ಒಳಗಿನಿಂದ ಜಪಸರ ಹಿಡಿದುಕೊಂಡು ಬಂದ ಅಜ್ಜಿಯೊಬ್ಬರು ಅವನನ್ನು ಮೇಲಿನಿಂದ ಕೆಳಗೆ ನೋಡಿದರು.

‘ಸೆಕೆಯಾ ಮಗ? ಒಳಗೆ ಫ್ಯಾನ್ ಉಂಟು.’

ಅವನು ಕೆಂಪಗಾಗಿ ಗುಂಡಿ ಹಾಕಿಕೊಂಡ, ಒಂದು ಮೇಲೆ ಕೆಳಗೆ. ಹಾಗೆಯೇ ಹೋಗಿ ಕೊನೆಯ ಬೆಂಚಿನಲ್ಲಿ ಕೂತ. ತಾನು ಊರಿನಲ್ಲಿ ಇಗರ್ಜಿಯ ಒಳಗೆ ಕೂತು ಯಾವ ಕಾಲವಾಯಿತು ಅಂತ ಆಮೇಲೆ ಬಸ್ಸಿನಲ್ಲಿ ಲೆಕ್ಕ ಹಾಕುತ್ತಿದ್ದ.

ಡಿಸೆಂಬರಿನಲ್ಲಿ ಅವನ ಸೆಮಿಸ್ಟರ್ ಮುಗಿಯಿತು. ಹೋದ ಮೇಲೆ ಒಂದು ಸಂಜೆ ಕಲೋನಿನ ದೊಡ್ಡ ಇಗರ್ಜಿಯ ಫೋಟೋ ಕಳಿಸಿದ. 157 ಮೀಟರ್ ಎತ್ತರವಂತೆ. 1248ರಲ್ಲಿ ಕೆಲಸ ಶುರು ಮಾಡಿ, ನಡುವೆ ಹತ್ತಿರಹತ್ತಿರ ಮುನ್ನೂರು ವರ್ಷ ಹಾಗೇ ಬಿಟ್ಟು, 1880ರಲ್ಲಿ ಮುಗಿಸಿದ್ದಂತೆ. ಅಪ್ಪ ಅದನ್ನು ಓದಿ, ‘ಹಾಗಾದ್ರೆ ನಮ್ಮ ರಸ್ತೆಗೆ ಇನ್ನೂ ಟೈಮ್ ಉಂಟು’ ಅಂದರು.

ಫೋಟೋದ ಕೆಳಗೆ ಉದ್ದ ಮೆಸೇಜ್. ನಮ್ಮನ್ನೆಲ್ಲ ನೆನೆಸಿಕೊಂಡು ಆ ದಿನ ಒಳಗೆ ಹೋಗೋಣ ಅನಿಸಿತಂತೆ. ಬಾಗಿಲ ಹತ್ತಿರ ಗೊತ್ತಿಲ್ಲದೆ ಶೂ ಬಿಚ್ಚಿಟ್ಟಿದ್ದಾನೆ. ಕಲ್ಲಿನ ನೆಲ, ಮೈ ಕೊರೆಯುವ ಚಳಿ. ಎರಡು ನಿಮಿಷದಲ್ಲಿ ಬುದ್ಧಿ ಬಂದು ತಿರುಗಿ ಬಂದರೆ ಯಾರೋ ಪುಣ್ಯಾತ್ಮರು ಭಿಕ್ಷೆ ಅಂತ ತಿಳಿದು ಎಡಗಾಲಿನ ಶೂವಿಗೆ ಒಂದು ಯೂರೋ ಹಾಕಿ ಹೋಗಿದ್ದಾರೆ.

ಅಜ್ಜಿಗೆ ಓದಿ ಹೇಳಿದೆ. ಅಜ್ಜಿ ನಗಲಿಲ್ಲ. ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿ ಕೇಳಿದರು, ‘ಆ ಚಪ್ಪಲಿಗೆ ಎಷ್ಟು ಅಂದಿದ್ದ?’

‘80.’

‘ಹಾಗಾದ್ರೆ ದೇವರು ಕಂತಿನಲ್ಲಿ ಕೊಡ್ಲಿಕ್ಕೆ ಶುರು ಮಾಡಿದ್ದಾರೆ. ಇನ್ನು 79 ಬಾಕಿ ಉಂಟು, ದಿನಾ ಹೋಗಿ ಶೂ ಬಿಚ್ಚಿಡ್ಲಿಕ್ಕೆ ಹೇಳು.’